ಸತ್ತ ಕುದುರೆಯ ಬಾಲಕ್ಕೂ ದುಡ್ಡು ಕೊಟ್ಟ ರಾಜ

ಇವತ್ತು ಒಂದು ವಿಚಿತ್ರ ಲೆಕ್ಕದಿಂದ ಶುರು ಮಾಡೋಣ.

1535ರ ಸುಮಾರಿಗೆ ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಸಾಳುವ ನರಸಿಂಹನ ಕಥೆಯೊಂದನ್ನು ಹೇಳ್ತಾನೆ. ಈ ರಾಜ ಹೊರ್ಮುಜ್‌ನಿಂದ ಬರೋ ಕುದುರೆಗಳನ್ನು ಸಾವಿರ ವರಾಹಕ್ಕೆ ಮೂರರಂತೆ ಕೊಳ್ಳುತ್ತಿದ್ದನಂತೆ. ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ. ಸಮುದ್ರದಲ್ಲೇ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಸಾಕು, ಪೂರ್ತಿ ಹಣ ಸಿಗ್ತಿತ್ತು.

ಕೇಳಿದರೆ ನಗು ಬರುತ್ತೆ. ಆದರೆ ಇದು ಹುಚ್ಚಲ್ಲ, ಲೆಕ್ಕಾಚಾರ. ಒಳ್ಳೆ ಯುದ್ಧದ ಕುದುರೆ ಬೇಕಿದ್ದರೆ ಅರಬ್ಬಿ ಸಮುದ್ರ ದಾಟಿಸಿಯೇ ತರಿಸಬೇಕಿತ್ತು. ಅದೇ ಕುದುರೆಗೆ ಬಹಮನಿ ಸುಲ್ತಾನರೂ ಕಾಯ್ತಿದ್ದರು. ದಾರಿಯ ನಷ್ಟ ನನ್ನ ತಲೆಗಿರಲಿ ಅಂದುಬಿಟ್ಟರೆ ವ್ಯಾಪಾರಿ ನಮ್ಮ ಬಂದರಿಗೇ ಬರ್ತಾನೆ. ಮುಂದೆ ವಿಜಯನಗರದ ರಾಜ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ ಅಂತಲೂ ನೂನಿಜ್ ಬರೆದಿದ್ದಾನೆ.

ಪ್ರತಿ ವರ್ಷ ಅಷ್ಟೊಂದು ಕೊಳ್ಳೋದು ಯಾಕೆ? ಯುದ್ಧದಲ್ಲಿ ಸಾಯೋದು ಒಂದು ಕಾರಣ. ಇನ್ನೊಂದು ಕಾರಣದ ಸುಳಿವು ಅದಕ್ಕೂ ಇನ್ನೂರು ವರ್ಷ ಹಿಂದೆ, 13ನೇ ಶತಮಾನದ ಕೊನೆಗೆ ತಮಿಳು ಕರಾವಳಿಗೆ ಬಂದ ಮಾರ್ಕೊ ಪೋಲೊ ಬರಹದಲ್ಲಿದೆ. ಅಲ್ಲಿನ ಅರಸ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕುದುರೆ ಕೊಳ್ಳುತ್ತಿದ್ದ, ವರ್ಷ ಮುಗಿಯೋಷ್ಟರಲ್ಲಿ ನೂರೂ ಉಳೀತಿರಲಿಲ್ಲ ಅಂತಾನೆ ಅವನು. ಅನ್ನದ ಜೊತೆ ಬೇಯಿಸಿದ ಮಾಂಸ ತಿನ್ನಿಸ್ತಿದ್ದರಂತೆ. ಕುದುರೆ ನೋಡಿಕೊಳ್ಳೋ ಪರಿಣತರು ಇರಲಿಲ್ಲ. ಅಂಥವರು ಇಲ್ಲಿಗೆ ಬರದಂತೆ ವ್ಯಾಪಾರಿಗಳೇ ತಡೀತಿದ್ದರು ಅಂತಲೂ ಹೇಳ್ತಾನೆ. ಸತ್ತಷ್ಟೂ ಅವರಿಗೆ ಮಾರಾಟ! ಅವನ ಅಂಕಿಗಳಲ್ಲಿ ಸ್ವಲ್ಪ ಉಪ್ಪು ಖಾರ ಇರಬಹುದು, ಆದರೆ ರೋಗ ಎಲ್ಲಿತ್ತು ಅನ್ನೋದು ಗೊತ್ತಾಗುತ್ತೆ. ದುಡ್ಡೆಲ್ಲ ಖರೀದಿಗೆ, ಆರೈಕೆಗೆ ಏನೂ ಇಲ್ಲ.

ಈಗ ಇದರ ಪಕ್ಕದಲ್ಲಿ ಇನ್ನೊಂದು ಲಾಯ ಇಟ್ಟು ನೋಡೋಣ. 1573ರಲ್ಲಿ ಗುಜರಾತನ್ನು ಗೆದ್ದ ಅಕ್ಬರನ ಲಾಯ ಅದು. ಅಬುಲ್ ಫಜಲ್ ಬರೆದ ಐನ್-ಇ-ಅಕ್ಬರಿಯಲ್ಲಿ ಆ ಲಾಯದ ಸಿಬ್ಬಂದಿಯ ಪಟ್ಟಿಯೇ ಇದೆ. ಪಶುವೈದ್ಯ, ಲಾಳ ಕಟ್ಟೋನು, ಕಸ ಗುಡಿಸೋನು, ಇವರ ಜೊತೆಗೆ ‘ಆಬ್‌ಕಶ್’, ಅಂದರೆ ನೀರು ಹೊರೋನು. ನೀರಿಗೆ ಅಂತಲೇ ಒಂದು ಹುದ್ದೆ. ಚಳಿಗಾಲಕ್ಕೆ ಮೇವಿನ ನಿಯಮವೂ ಬೇರೆ: ಬೇಸಿಗೆಯಲ್ಲಿ ಧಾನ್ಯ, ಚಳಿಯಲ್ಲಿ ಬೇಯಿಸಿದ ಕಾಳು. ಬಾದಶಹನ ಖಾಸಾ ಕುದುರೆ ಸತ್ತರೆ ಅದರ ಬೆಲೆಯ ಪ್ರತಿ ಮೊಹರಿಗೆ ಒಂದು ರೂಪಾಯಿಯಂತೆ ದಾರೋಗನಿಗೆ ದಂಡ. ಸಾಯಿಸನಿಗೆ ತಿಂಗಳ ಸಂಬಳದಲ್ಲಿ ಕಾಲು ಭಾಗ ಕಟ್. ಬಡ ಸಾಯಿಸನ ಪಾಲಿಗೆ ಇದು ಕ್ರೂರವೇ. ಆದರೂ ವ್ಯತ್ಯಾಸ ನೋಡಿ: ಅಲ್ಲಿ ಸತ್ತ ಕುದುರೆಗೂ ಪೂರ್ತಿ ಹಣ, ಇಲ್ಲಿ ಸಾವಿಗೆ ಯಾರಾದರೂ ಉತ್ತರ ಕೊಡಬೇಕು. ಸರ್ವರ್ ಕೊಳ್ಳೋಕೆ ಬಜೆಟ್ ಇದೆ, ಅದನ್ನು ನೋಡಿಕೊಳ್ಳೋಕೆ ಜನ ಇಲ್ಲ ಅನ್ನೋ ಕಂಪನಿಗಳಲ್ಲಿ ದುಡಿಯೋ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಚಳಿಗಾಲಕ್ಕೆ ಬೇಯಿಸಿದ ಕಾಳೇ ಯಾಕೆ? ಐನ್ ಕಾರಣ ಹೇಳಲ್ಲ, ಆದರೆ ಇವತ್ತಿನ ಪಶುವೈದ್ಯಕ್ಕೆ ಅದರ ಒಂದು ಲಾಭ ಗೊತ್ತು. ದೊಡ್ಡ ಕುದುರೆಗೆ ದಿನಕ್ಕೆ ಸುಮಾರು 25ರಿಂದ 40 ಲೀಟರ್ ನೀರು ಬೇಕು. ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲು ನೀರೇ; ಒಣ ಹುಲ್ಲಿನಲ್ಲಿ ಅದು ನೂರಕ್ಕೆ ಹತ್ತು ಹದಿನೈದು ಪಾಲು. ಚಳಿಯಲ್ಲಿ ಮೇವು ಒಣಗಿರುತ್ತೆ, ಅಂದರೆ ನೀರು ಜಾಸ್ತಿ ಬೇಕು. ಆದರೆ ಅದೇ ಹೊತ್ತಿಗೆ ಬಾಯಾರಿಕೆ ಕಡಿಮೆಯಾಗುತ್ತೆ. ಕುದುರೆ ತಣ್ಣೀರು ಮೂಸಿ ಬಿಟ್ಟುಬಿಡುತ್ತೆ. ಒಣ ಮೇವು ಕರುಳಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡರೆ ಹೊಟ್ಟೆನೋವು ಶುರು. ಕುದುರೆಗೆ ವಾಂತಿ ಮಾಡೋಕೂ ಆಗಲ್ಲ, ಜೀವವೇ ಹೋಗಬಹುದು. ಬೇಯಿಸಿದ ಕಾಳು ಒಂದಿಷ್ಟು ನೀರನ್ನು ಹೊಟ್ಟೆಗೆ ಸೇರಿಸುತ್ತೆ. ನಮ್ಮ ಕಡೆ ಹುರುಳಿ ನೆನೆಸಿ ಬೇಯಿಸಿ ಕೊಡೋದರಲ್ಲೂ ಈ ಲಾಭ ಇದೆ. ಉಗುರುಬೆಚ್ಚಗಿನ ನೀರಿಟ್ಟರೆ ಹೆಚ್ಚು ಕುಡಿಯುತ್ತೆ. ಮೇವಿನ ಜೊತೆ ಸ್ವಲ್ಪ ಉಪ್ಪು ಕೊಟ್ಟರೆ ಬಾಯಾರಿಕೆಯೂ ಹುಟ್ಟುತ್ತೆ.

ಗುಜರಾತಿಯಲ್ಲಿ ಒಂದು ಗಾದೆ ಇದೆ: ಬಾವಿಯಲ್ಲಿದ್ದರೆ ತಾನೇ ಹವಾಡೊಗೆ ಬರೋದು. ಹವಾಡೊ ಅಂದರೆ ದನ, ಕುದುರೆಗಳು ನೀರು ಕುಡಿಯೋ ತೊಟ್ಟಿ. ಚಳಿಗಾಲದ ಕುದುರೆ ವಿಷಯದಲ್ಲಿ ಗಾದೆಯನ್ನು ಸ್ವಲ್ಪ ಮುಂದಕ್ಕೆ ಎಳೀಬೇಕು. ತೊಟ್ಟಿಯಲ್ಲಿ ನೀರಿದ್ದರೆ ಸಾಲದು, ಹೊಟ್ಟೆಗೆ ಹೋಯ್ತಾ ಅಂತ ನೋಡೋರು ಬೇಕು.

ನಾನಿರೋ ಮಣಿನಗರದಲ್ಲಿ 1451ರ ಕಾಂಕರಿಯಾ ಕೆರೆ ಇವತ್ತಿಗೂ ಇದೆ. ಉತ್ತರಾಯಣ ಕಳೆದ ಮೇಲೆ ಇಲ್ಲಿ ಮದುವೆಗಳ ಸುಗ್ಗಿ. ಮದುಮಗನ ಮೆರವಣಿಗೆಗೆ ‘ವರಘೋಡೊ’ ಅಂತಲೇ ಹೆಸರು; ಘೋಡೊ ಅಂದರೆ ಕುದುರೆ. ನಮ್ಮಲ್ಲಿ ಅನೇಕರು ಸಹೋದ್ಯೋಗಿಗಳ ಮದುವೆಗೆ ಹೋಗಿ ಅದರ ಮುಂದೆ ಕುಣಿದು ಬರ್ತೀವಿ. ಮುಂದಿನ ಸಲ ಕುಣಿಯೋಕೆ ಮುಂಚೆ ಕುದುರೆ ಹಿಡಿದಿರೋ ಅಣ್ಣನನ್ನು ಒಂದು ಮಾತು ಕೇಳಿ: ನೀರು ಕುಡೀತಾ? ಇಲ್ಲ ಅಂದರೆ ಅಡುಗೆಯವರ ಹತ್ತಿರ ಒಂದು ಬಕೆಟ್ ಬೆಚ್ಚಗಿನ ನೀರು ಕೇಳಿ ತಂದುಕೊಡಿ. ಆ ಅಣ್ಣನಿಗೂ ಒಂದು ಲೋಟ ಟೀ ಇರಲಿ.