ಮೆಟ್ಟಿಲೇರಿದ ಪಿಯಾನೊ: ಮಾತು ಕೊಲ್ಲದ ನಗೆ

ಮೂಕಿ ಚಿತ್ರಗಳ ಬಿದ್ದೆದ್ದು ನಗಿಸುವ ಹಾಸ್ಯವನ್ನು ಮಾತು ಬಂದು ಕೊಂದಿತು ಎಂಬುದು ಸಿನಿಮಾ ಚರಿತ್ರೆಯಲ್ಲಿ ಬೇರೂರಿದ ನಂಬಿಕೆ. ಇದಕ್ಕೆ ಸಾಕ್ಷಿಗಳೂ ಸಲೀಸಾಗಿ ಸಿಗುತ್ತವೆ. 1927ರಲ್ಲಿ ಮಾತಾಡುವ ಚಿತ್ರ ‘ದಿ ಜಾಝ್ ಸಿಂಗರ್’ ಬಂದ ಕೆಲವೇ ವರ್ಷಗಳಲ್ಲಿ ಮೂಕಿ ಹಾಸ್ಯದ ನಟ ಬಸ್ಟರ್ ಕೀಟನ್ ಮೂಲೆಗುಂಪಾದರು. ಚಾಪ್ಲಿನ್ 1936ರ ‘ಮಾಡರ್ನ್ ಟೈಮ್ಸ್’ನಲ್ಲೂ ಮಾತನ್ನು ದೂರವೇ ಇಟ್ಟರು. ಆದರೆ 1932ರಲ್ಲಿ ಹಾಲ್ ರೋಚ್ ಸ್ಟುಡಿಯೊದಿಂದ ಹೊರಬಂದ, ಅರ್ಧ ಗಂಟೆಯಷ್ಟೂ ಉದ್ದವಿಲ್ಲದ ‘ದಿ ಮ್ಯೂಸಿಕ್ ಬಾಕ್ಸ್’ ಈ ತೀರ್ಪಿಗೆ ಅಡ್ಡ ನಿಲ್ಲುತ್ತದೆ. ಜೇಮ್ಸ್ ಪ್ಯಾರಟ್ ನಿರ್ದೇಶನದ ಈ ಚಿತ್ರದಲ್ಲಿ ಸ್ಟಾನ್ ಲಾರೆಲ್ ಮತ್ತು ಆಲಿವರ್ ಹಾರ್ಡಿ ಸಾಗಣೆಯ ವ್ಯಾಪಾರಕ್ಕಿಳಿದವರು, ಬಂಡವಾಳ 3 ಡಾಲರ್ 80 ಸೆಂಟ್. ಪಿಯಾನೊ ತುಂಬಿದ ಪೆಟ್ಟಿಗೆಯನ್ನು 130ಕ್ಕೂ ಹೆಚ್ಚು ಮೆಟ್ಟಿಲು ಹತ್ತಿಸಿ ಮನೆಯೊಂದಕ್ಕೆ ಮುಟ್ಟಿಸುವುದೇ ಕತೆ. ಶಬ್ದವನ್ನು ಹಗೆಯೆಂದು ಕಾಣದೆ ಅದನ್ನೇ ನಗೆಯ ಸರಕಾಗಿ ಮಾಡಿಕೊಂಡ ಚಿತ್ರವಿದು.

ಇದಕ್ಕೆ ಗಟ್ಟಿ ಪುರಾವೆ ಇದೇ ಜೋಡಿಯ ಹಳೆಯ ಚಿತ್ರ. 1927ರ ಮೂಕಿ ‘ಹ್ಯಾಟ್ಸ್ ಆಫ್’ನಲ್ಲಿ ಲಾಸ್ ಏಂಜಲೀಸ್‌ನ ಸಿಲ್ವರ್ ಲೇಕ್‌ನ ಇದೇ ಮೆಟ್ಟಿಲುಗಳ ಮೇಲೆ ಇವರೇ ಬಟ್ಟೆ ಒಗೆಯುವ ಯಂತ್ರವೊಂದನ್ನು ಹೊತ್ತಿದ್ದರು. ಐದು ವರ್ಷಗಳ ನಂತರ ಜೋಡಿ ಅದೇ, ಮೆಟ್ಟಿಲೂ ಅವೇ, ಬದಲಾದದ್ದು ಹೊರೆ. ಒಗೆಯುವ ಯಂತ್ರ ಉರುಳಿದರೆ ಕಣ್ಣಿಗೆ ಮಾತ್ರ ಕೆಲಸ. ಪಿಯಾನೊ ಹಾಗಲ್ಲ: ಪ್ರತಿ ಮೆಟ್ಟಿಲಿಗೆ ತಗುಲಿದಾಗಲೂ ಒಳಗಿನ ತಂತಿಗಳು ಝಣಗುಟ್ಟುತ್ತವೆ, ಪೆಟ್ಟಿಗೆಯೇ ನರಳಿದಂತೆ ಕೇಳುತ್ತದೆ. ಮೈಕ್ ಬಂದ ಮೇಲೆ ಹೊರೆಯೂ ಒಂದು ಪಾತ್ರವಾಯಿತು. ‘ಹ್ಯಾಟ್ಸ್ ಆಫ್’ನ ಪ್ರತಿ ಕಳೆದುಹೋಗಿರುವಾಗ ಹೋಲಿಕೆ ಹೇಗೆ ಎಂದು ಯಾರಾದರೂ ತಕರಾರು ತೆಗೆಯಬಹುದು. ದೃಶ್ಯಕ್ಕೆ ದೃಶ್ಯವಿಟ್ಟು ತೂಗಲು ಸಾಧ್ಯವಿಲ್ಲ, ನಿಜ. ಆದರೆ ವಾದ ನಿಂತಿರುವುದು ದೃಶ್ಯಗಳ ಮೇಲಲ್ಲ, ಆಯ್ಕೆಯ ಮೇಲೆ. ಭಾರವಾದ ವಸ್ತುಗಳಿಗೇನೂ ಬರವಿರಲಿಲ್ಲ. ಅವುಗಳಲ್ಲಿ ತಾನೇ ದನಿ ಕೊಡುವ ವಸ್ತುವೇ ಚಿತ್ರಕ್ಕೆ ಒದಗಿತು.

ಶಬ್ದಕ್ಕೆ ಜಾಗ ಸಿಕ್ಕಿದ್ದು ಈ ಜೋಡಿಯ ನಿಧಾನದಿಂದ. ಇವರನ್ನು ಜೊತೆಗೂಡಿಸಿದ ಲಿಯೊ ಮೆಕ್ಯಾರಿ ಮೂಕಿಗಳ ಕಾಲದಲ್ಲೇ ಓಟದ ಹಾಸ್ಯಕ್ಕೆ ಕಡಿವಾಣ ಹಾಕಿದ್ದರು. ಪೆಟ್ಟು ಬೀಳುತ್ತದೆ, ತಿಂದವನು ಯೋಚಿಸುತ್ತಾನೆ, ಆಮೇಲೆ ತಿರುಗಿ ಕೊಡುತ್ತಾನೆ. ಕೊಟ್ಟವನು ಅಲ್ಲಿಯವರೆಗೆ ತನ್ನ ಸರದಿಗೆ ಕಾಯುತ್ತಾನೆ. ‘ದಿ ಮ್ಯೂಸಿಕ್ ಬಾಕ್ಸ್’ನಲ್ಲಿ ಮಗುವಿನ ಗಾಡಿ ತಳ್ಳಿಕೊಂಡು ಇಳಿಯುವ ದಾದಿಯ ಜೊತೆಗಿನ ಜಗಳ ನಡೆಯುವುದೂ ಹೀಗೆಯೇ. ಅವಳಿಗೆ ದಾರಿ ಬಿಟ್ಟು ಕೈ ತೆಗೆದದ್ದೇ ತಡ, ಪೆಟ್ಟಿಗೆ ಬೀದಿಯವರೆಗೂ ಜಾರುತ್ತದೆ. ಏನಾಗಲಿದೆ ಎಂದು ನೋಡುಗನಿಗೆ ಮೊದಲೇ ಗೊತ್ತು. ಒಂದೇ ತಮಾಷೆಯನ್ನು ಹಿಗ್ಗಿಸಿದ್ದಾರೆಂಬ ಆಕ್ಷೇಪ ಇಲ್ಲಿ ಸಹಜ. ಆದರೆ ಪ್ರತಿ ಏರಿಕೆಯಲ್ಲೂ ಎದುರಾಗುವವರು ಬೇರೆ: ದಾದಿ, ಪೊಲೀಸ್, ಬಿಲ್ಲಿ ಗಿಲ್ಬರ್ಟ್ ನಟಿಸಿದ ಸಿಡುಕು ಪ್ರೊಫೆಸರ್. ಮೇಲೆ ತಲುಪಿದ ಮೇಲೆ ಅಂಚೆಯವನು ಬಂದು, ಗುಡ್ಡದ ಬದಿಯಿಂದ ಗಾಡಿಯ ರಸ್ತೆಯೇ ಇತ್ತಲ್ಲ ಎನ್ನುತ್ತಾನೆ. ಇಬ್ಬರೂ ಪಿಯಾನೊವನ್ನು ಮತ್ತೆ ಕೆಳಗಿಳಿಸಿ, ಗಾಡಿಗೇರಿಸಿ, ಆ ರಸ್ತೆಯಲ್ಲಿ ತರುತ್ತಾರೆ! ಅಷ್ಟು ಹೊತ್ತಿನ ಪುನರಾವರ್ತನೆ ಇಲ್ಲದಿದ್ದರೆ ಈ ಪೆದ್ದುತನಕ್ಕೆ ಇಷ್ಟು ತೂಕ ಬರುತ್ತಿರಲಿಲ್ಲ.

ಹಾಗಿದ್ದರೆ ಮಿಕ್ಕವರು ಏಕೆ ಸೋತರು? ಮೂಕಿಗಳ ಇನ್ನೊಬ್ಬ ಹಾಸ್ಯನಟ ಹ್ಯಾರಿ ಲ್ಯಾಂಗ್ಡನ್ ಮಾತು ಬರುವ ಮೊದಲೇ ಮುಗ್ಗರಿಸಿದ್ದರು. ಕೀಟನ್ 1928ರಲ್ಲಿ ಎಂಜಿಎಂ ಸ್ಟುಡಿಯೊ ಸೇರಿದರು. ತಮ್ಮ ಚಿತ್ರಗಳ ಮೇಲಿನ ಹಿಡಿತ ಕೈತಪ್ಪಿತು. ಲಾರೆಲ್ ಮತ್ತು ಹಾರ್ಡಿಯಾದರೋ ಮಾತಿನಿಂದ ಹೊರದೇಶದ ಮಾರುಕಟ್ಟೆ ಕೈಬಿಡುವ ಭಯ ಬಂದಾಗ, ತಮಗೆ ಬಾರದ ಸ್ಪ್ಯಾನಿಷ್, ಫ್ರೆಂಚ್ ಸಂಭಾಷಣೆಗಳನ್ನು ಉಚ್ಚಾರಣೆಯಂತೆ ಬರೆಸಿಕೊಂಡು ಓದಿ, ಅದೇ ಚಿತ್ರಗಳನ್ನು ಮತ್ತೆ ನಟಿಸಿದರು. 1932ರಲ್ಲಿ ಅಕಾಡೆಮಿ ಮೊದಲ ಬಾರಿಗೆ ಕಿರುಚಿತ್ರಗಳಿಗೆ ಪ್ರಶಸ್ತಿ ಕೊಟ್ಟಾಗ ಹಾಸ್ಯ ವಿಭಾಗದ ಆಸ್ಕರ್ ‘ದಿ ಮ್ಯೂಸಿಕ್ ಬಾಕ್ಸ್’ಗೆ ಸಂದಿತು. ಸತ್ತ ಕಲೆಗೆ ಹೀಗೆ ಹೊಸದಾಗಿ ಬಹುಮಾನ ಹುಟ್ಟುವುದಿಲ್ಲ.

ಆದರೂ 1935ರ ‘ಥಿಕರ್ ದ್ಯಾನ್ ವಾಟರ್’ ಬಳಿಕ ಈ ಜೋಡಿಯನ್ನೇ ಮುಂದಿಟ್ಟುಕೊಂಡ ಕಿರುಚಿತ್ರಗಳ ಸರಣಿ ನಿಂತಿತು. ಆರ್ಥಿಕ ಕುಸಿತದಲ್ಲಿ ನರಳುತ್ತಿದ್ದ ಚಿತ್ರಮಂದಿರಗಳು ಒಂದೇ ಟಿಕೆಟ್ಟಿಗೆ ಎರಡು ದೊಡ್ಡ ಚಿತ್ರ ತೋರಿಸತೊಡಗಿದ್ದರಿಂದ ಇಪ್ಪತ್ತು-ಮೂವತ್ತು ನಿಮಿಷದ ನಗೆಗೆ ವೇಳೆಯೂ ಉಳಿಯಲಿಲ್ಲ, ದುಡ್ಡೂ ಹುಟ್ಟಲಿಲ್ಲ. ರೋಚ್ ದೊಡ್ಡ ಚಿತ್ರಗಳತ್ತ ಹೊರಳಿದರು. ಕಿರುಹಾಸ್ಯದ ಅವನತಿಗೆ ಹೊಣೆಯನ್ನು ಹುಡುಕುವವರು ಮೈಕಿಗಿಂತ ಮೊದಲು ಟಿಕೆಟ್ ಕಿಟಕಿಯ ಲೆಕ್ಕವನ್ನು ನೋಡಬೇಕು.