ಕಪಾಟಿಗೆ ಬಂದ ಸಿನಿಮಾ

ಜಾನ್ ರೆನ್ವಾ 1937ರಲ್ಲಿ ಮಾಡಿದ ‘ಗ್ರ್ಯಾಂಡ್ ಇಲ್ಯೂಷನ್’ ಚಿತ್ರದ ಮೂಲ ನೆಗೆಟಿವ್ ಎರಡನೆಯ ಮಹಾಯುದ್ಧದಲ್ಲಿ ಸುಟ್ಟುಹೋಯಿತೆಂದೇ ಎಲ್ಲರೂ ನಂಬಿದ್ದರು. ನಿಜವಾಗಿ ಅದನ್ನು ನಾಜಿಗಳು ಪ್ಯಾರಿಸ್‌ನಿಂದ ಬರ್ಲಿನ್‌ಗೆ ಹೊತ್ತೊಯ್ದಿದ್ದರು. ಬರ್ಲಿನ್ ಬಿದ್ದ ಮೇಲೆ ಅದು ಸೋವಿಯತ್ ಕೈಗೆ ಸಿಕ್ಕಿ ಮಾಸ್ಕೋ ಸೇರಿತು. 1960ರ ದಶಕದಲ್ಲಿ ಫ್ರಾನ್ಸಿನ ತುಲೂಸ್ ಚಿತ್ರಾಗಾರಕ್ಕೆ ಮರಳಿದರೂ ಏನೆಂದು ಯಾರಿಗೂ ತಿಳಿಯದೆ ಡಬ್ಬಿಗಳಲ್ಲೇ ಬಿದ್ದಿತ್ತು; ಗುರುತು ಸಿಕ್ಕಿದ್ದು 1990ರ ದಶಕದಲ್ಲಿ. ಅಮೆರಿಕದ ಕ್ರೈಟೀರಿಯನ್ ಸಂಸ್ಥೆ 1998ರಲ್ಲಿ ಡಿವಿಡಿ ಸರಣಿ ಶುರುಮಾಡಿದಾಗ ಮೊದಲ ಸಂಖ್ಯೆಯನ್ನು ಈ ಚಿತ್ರಕ್ಕೇ ಮೀಸಲಿಟ್ಟಿತ್ತು. ಮೂಲ ನೆಗೆಟಿವ್‌ನಿಂದಲೇ ಪ್ರತಿ ತೆಗೆಯಬಹುದೆಂದು ತಿಳಿದದ್ದೇ ಬಿಡುಗಡೆಯನ್ನು ಮುಂದೂಡಿತು. ಎರಡನೆಯ ಸಂಖ್ಯೆಯ ‘ಸೆವೆನ್ ಸಮುರಾಯ್’ ಮೊದಲೇ ಅಂಗಡಿಗೆ ಬಂತು. ಒಂದನೆಯದು ಬಂದದ್ದು 1999ರ ಕೊನೆಯಲ್ಲಿ.

ಒಂದು ಡಿಸ್ಕಿಗಾಗಿ ಹೀಗೆ ತಡೆದು ನಿಲ್ಲುವ ಪ್ರಕಾಶಕರಾಗಲಿ, ಕಾದು ಕೊಳ್ಳುವ ಗ್ರಾಹಕರಾಗಲಿ ಅದಕ್ಕೆ ಇಪ್ಪತ್ತು ವರ್ಷ ಹಿಂದೆ ಇರಲಿಲ್ಲ. ಹಳೆಯ ಸಿನಿಮಾಗಳು ಇಂದು ಇಷ್ಟು ಚೆನ್ನಾಗಿ ಉಳಿದಿರುವುದರಲ್ಲಿ ಚಿತ್ರಾಗಾರಗಳ ದುಡಿಮೆಯಷ್ಟೇ ಪಾಲು ಸಂಗ್ರಹಕಾರರದ್ದೂ ಇದೆ ಎಂಬುದು ನನ್ನ ಖಚಿತ ನಂಬಿಕೆ. ಹಣ ಕೊಟ್ಟು ಮನೆಗೊಯ್ದವರು, ಕತ್ತರಿಸಿದ ದೃಶ್ಯವನ್ನೂ ಮಾಸಿದ ಬಣ್ಣವನ್ನೂ ಪತ್ತೆಹಚ್ಚಿದವರು, ‘ಇದಕ್ಕಿಂತ ಒಳ್ಳೆಯ ಪ್ರತಿ ಕೊಡಿ’ ಎಂದು ಪಟ್ಟು ಹಿಡಿದವರು ಅವರೇ.

ಸಿನಿಮಾವನ್ನು ಮನೆಗೆ ತರುವ ಆಸೆ ಟೇಪಿಗಿಂತ ಹಳೆಯದು. ಕೊಡಾಕ್ 1923ರಲ್ಲಿ 16 ಎಂಎಂ ಫಿಲ್ಮ್ ತಂದ ಮೇಲೆ ಪುಟ್ಟ ಪ್ರೊಜೆಕ್ಟರುಗಳು ಉಳ್ಳವರ ಮನೆ ಸೇರಿದವು. ಅಮೆರಿಕದ ಅಯೋವಾ ರಾಜ್ಯದ ಬ್ಲ್ಯಾಕ್‌ಹಾಕ್ ಫಿಲ್ಮ್ಸ್ ಹಳೆಯ ಮೂಕಿ ಚಿತ್ರಗಳನ್ನೂ ಲಾರೆಲ್–ಹಾರ್ಡಿ ಹಾಸ್ಯವನ್ನೂ ಸುರುಳಿಗಳಲ್ಲಿ ಅಂಚೆ ಮೂಲಕ ಮಾರುತ್ತಿತ್ತು. ದೊಡ್ಡ ಸ್ಟುಡಿಯೊಗಳ ಪೂರ್ಣ ಚಿತ್ರಗಳ ಮಾತೇ ಬೇರೆ. ಅವುಗಳ ಪ್ರಿಂಟುಗಳನ್ನು ಬಾಡಿಗೆಗೆ ಕೊಡುತ್ತಿದ್ದರೇ ಹೊರತು ಮಾರುತ್ತಿರಲಿಲ್ಲ. 1974ರ ಡಿಸೆಂಬರಿನಲ್ಲಿ ನಟ ರಾಡಿ ಮೆಕ್‌ಡೊವಾಲ್ ಮನೆಯ ಮೇಲೆ ಎಫ್‌ಬಿಐ ದಾಳಿ ನಡೆಸಿ, ಅವರು ಕೂಡಿಟ್ಟಿದ್ದ ಚಿತ್ರಗಳನ್ನು ವಶಪಡಿಸಿಕೊಂಡಿತು. ಪ್ರೀತಿಯಿಂದ ಕೂಡಿಟ್ಟವರೂ ಕಾನೂನಿನ ಕಣ್ಣಿಗೆ ಕಳ್ಳರಂತೆ ಕಂಡ ಕಾಲವದು. ಅದೇ ಕಾಲದಲ್ಲಿ ನ್ಯೂಯಾರ್ಕಿನ ವಿಲಿಯಂ ಕೆ. ಎವರ್ಸನ್ ಸಾವಿರಾರು ಪ್ರಿಂಟುಗಳನ್ನು ಕೂಡಿಟ್ಟು, ಅವುಗಳಿಂದಲೇ ವಿದ್ಯಾರ್ಥಿಗಳಿಗೆ ಸಿನಿಮಾ ಕಲಿಸುತ್ತಿದ್ದರು.

1975ರಲ್ಲಿ ಸೋನಿಯ ಬೀಟಾಮ್ಯಾಕ್ಸ್, 1976ರಲ್ಲಿ ಜೆವಿಸಿಯ ವಿಎಚ್‌ಎಸ್ ವಿಡಿಯೊ ಟೇಪುಗಳು ಬಂದವು. 1977ರಲ್ಲಿ ಮಿಶಿಗನ್‌ನ ಆಂದ್ರೆ ಬ್ಲೇ ಎಂಬ ಉದ್ಯಮಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನಿಂದ 50 ಚಿತ್ರಗಳ ಹಕ್ಕು ಪಡೆದು ಕ್ಯಾಸೆಟ್ಟಿನಲ್ಲಿ ಮಾರತೊಡಗಿದರು. ಅದೇ ವರ್ಷ ಲಾಸ್ ಏಂಜಲೀಸ್‌ನಲ್ಲಿ ಜಾರ್ಜ್ ಅಟ್ಕಿನ್ಸನ್ ಅವನ್ನು ಬಾಡಿಗೆಗೆ ಕೊಡುವ ಅಂಗಡಿ ತೆರೆದರು. ಮನೆಯಲ್ಲೇ ರೆಕಾರ್ಡ್ ಮಾಡುವ ಬೀಟಾಮ್ಯಾಕ್ಸ್ ವಿರುದ್ಧ ಸ್ಟುಡಿಯೊಗಳು ನ್ಯಾಯಾಲಯದ ಮೆಟ್ಟಿಲೇರಿದ್ದವು. ಮನೆಯಲ್ಲಿ ಟೀವಿ ಕಾರ್ಯಕ್ರಮ ರೆಕಾರ್ಡ್ ಮಾಡಿಕೊಂಡು ನೋಡುವುದು ಅಪರಾಧವಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1984ರ ಜನವರಿಯಲ್ಲಿ 5–4ರ ಬಹುಮತದಿಂದ ತೀರ್ಪಿತ್ತಿತು. ಒಂದು ಮತ ಅತ್ತ ವಾಲಿದ್ದರೆ ಮುಂದಿನದೆಲ್ಲ ಬೇರೆಯೇ ಆಗುತ್ತಿತ್ತು.

ಅಂಗಡಿಗಳ ಶೆಲ್ಫು ತುಂಬಬೇಕಿತ್ತು, ದೊಡ್ಡ ಚಿತ್ರಗಳು ಸಾಲುತ್ತಿರಲಿಲ್ಲ. ಆ ಖಾಲಿ ಜಾಗಕ್ಕೆ ನುಗ್ಗಿದ್ದು ಅಗ್ಗದ ಭೂತಪ್ರೇತದ ಚಿತ್ರಗಳು, ಹಾಂಕಾಂಗ್‌ನ ಹೊಡೆದಾಟಗಳು, ಥಿಯೇಟರಿನಲ್ಲಿ ಒಂದು ವಾರವೂ ನಿಲ್ಲದ ವಿಚಿತ್ರಗಳು. ‘ಕಲ್ಟ್’ ಚಿತ್ರಗಳ ಗೀಳು ಅದುವರೆಗೆ ಮಧ್ಯರಾತ್ರಿಯ ಪ್ರದರ್ಶನಗಳಿಗೆ ಸೀಮಿತವಾಗಿತ್ತು. ನ್ಯೂಯಾರ್ಕಿನ ಎಲ್ಜಿನ್ ಥಿಯೇಟರಿನಲ್ಲಿ 1970ರಿಂದ ಓಡಿದ ‘ಎಲ್ ಟೋಪೊ’ ಅದಕ್ಕೆ ದಾರಿ ಹಾಕಿತ್ತು. ಟೇಪು ಆ ಗೀಳನ್ನು ಸಣ್ಣ ಊರುಗಳ ಮನೆಮನೆಗೆ ಒಯ್ದಿತು. ಜಾರ್ಜ್ ರೊಮೆರೊ ಅವರ ‘ನೈಟ್ ಆಫ್ ದ ಲಿವಿಂಗ್ ಡೆಡ್’ (1968) ಚಿತ್ರದ ಕಥೆ ಇನ್ನೂ ವಿಶೇಷ. ಬಿಡುಗಡೆಯ ಹೊತ್ತಿಗೆ ಚಿತ್ರದ ಹೆಸರು ಬದಲಾಯಿತು. ಹೊಸ ಶೀರ್ಷಿಕೆಯ ಜೊತೆ ಹಕ್ಕುಸ್ವಾಮ್ಯದ ಸಾಲು ಸೇರಿಸುವುದು ಬಿಟ್ಟುಹೋಯಿತು. ಅಷ್ಟಕ್ಕೇ ಅದು ಸಾರ್ವಜನಿಕ ಸ್ವತ್ತಾಯಿತು. ಯಾರು ಬೇಕಾದರೂ ಟೇಪು ಮಾಡಿ ಮಾರಿದ್ದರಿಂದ ಊರೂರು ತಲುಪಿತು, ಪ್ರತಿಯಿಂದ ಪ್ರತಿಗೆ ಇಳಿದು ಚಿತ್ರ ಕಪ್ಪುಮಸಿಯೂ ಆಯಿತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ನೆಗೆಟಿವ್‌ನಿಂದ ಪುನರುಜ್ಜೀವಿಸಿದ ಪ್ರತಿ 2018ರಲ್ಲಿ ಡಿಸ್ಕಿನಲ್ಲಿ ಬಂದಾಗಲೇ ಆ ಚಿತ್ರದ ಬೆಳಕು ನೆರಳು ಎಷ್ಟು ಅಚ್ಚುಕಟ್ಟು ಎಂಬುದು ಮನೆಯಲ್ಲಿ ಕಂಡದ್ದು.

ಬ್ರಿಟನ್ನಿನಲ್ಲಿ ಇದೇ ಅಗ್ಗದ ಟೇಪುಗಳು ಸಂಸತ್ತಿನವರೆಗೆ ಹೋದವು. ಪ್ರಾಸಿಕ್ಯೂಷನ್ ಇಲಾಖೆ ಆಕ್ಷೇಪಾರ್ಹ ವಿಡಿಯೊಗಳ ಪಟ್ಟಿ ಮಾಡಿತು. ಕಾಲಕಾಲಕ್ಕೆ ಅದರಲ್ಲಿ ಬಂದ ಹೆಸರುಗಳು 72. 1984ರಲ್ಲಿ ವಿಡಿಯೊಗಳನ್ನು ನಿಯಂತ್ರಿಸುವ ಕಾಯ್ದೆಯೂ ಬಂತು. ಸಂಗ್ರಹಕಾರರು ಆ ಪಟ್ಟಿಯನ್ನೇ ಹಿಡಿದು ಹುಡುಕಿ ಹೊರಟರು. ಅಲ್ಲಿದ್ದ ‘ದ ಈವಿಲ್ ಡೆಡ್’ ಇಂದು ಕತ್ತರಿಯಿಲ್ಲದೆ ಸಿಗುತ್ತದೆ.

ಗುಣಮಟ್ಟದ ಮಾತು ಹುಟ್ಟಿದ್ದು ಮಾತ್ರ ಲೇಸರ್ ಡಿಸ್ಕಿನಿಂದ. ಗ್ರಾಮಫೋನ್ ತಟ್ಟೆಯಷ್ಟು ಅಗಲದ ಈ ಡಿಸ್ಕು 1978ರ ಡಿಸೆಂಬರಿನಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಮಾರಾಟಕ್ಕೆ ಬಂತು. ದುಬಾರಿಯಾದ್ದರಿಂದ ಜನಪ್ರಿಯವಾಗಲಿಲ್ಲ, ಆದರೆ ಕೊಂಡವರು ಸಿನಿಮಾ ಹುಚ್ಚಿನವರೇ ಆಗಿದ್ದರು. 1984ರಲ್ಲಿ ಕ್ರೈಟೀರಿಯನ್ ‘ಸಿಟಿಜನ್ ಕೇನ್’ ಮತ್ತು ‘ಕಿಂಗ್ ಕಾಂಗ್’ ಚಿತ್ರಗಳೊಡನೆ ಈ ಕ್ಷೇತ್ರಕ್ಕಿಳಿಯಿತು. ‘ಕಿಂಗ್ ಕಾಂಗ್’ ಡಿಸ್ಕಿನ ಎರಡನೆಯ ಧ್ವನಿಪಥದಲ್ಲಿ ಚಿತ್ರ ಇತಿಹಾಸಕಾರ ರೊನಾಲ್ಡ್ ಹೇವರ್ ದೃಶ್ಯದಿಂದ ದೃಶ್ಯಕ್ಕೆ ವಿವರಣೆ ಕೊಡುತ್ತ ಹೋದರು. ಚಿತ್ರದ ಜೊತೆಗೇ ಕೇಳುವ ವ್ಯಾಖ್ಯಾನ ಶುರುವಾದದ್ದು ಹಾಗೆ.

ಇನ್ನೊಂದು ಕೆಲಸ ಅದಕ್ಕಿಂತ ದೊಡ್ಡದು. ಸಿನಿಮಾಸ್ಕೋಪ್ ಚೌಕಟ್ಟಿನ ಅಗಲ ಎತ್ತರದ 2.35ರಷ್ಟು, ಹಳೆಯ ಟೀವಿ ಪರದೆಯದು 1.33. ಪರದೆ ತುಂಬಿಸಲು ಕಂಪನಿಗಳು ಚಿತ್ರದ ಎರಡೂ ಬದಿಯನ್ನು ಕತ್ತರಿಸುತ್ತಿದ್ದವು. ಶೇ 40ಕ್ಕಿಂತ ಹೆಚ್ಚು ಚಿತ್ರ ಹೀಗೆ ಮಾಯವಾಗುತ್ತಿತ್ತು. ಇಬ್ಬರು ಎದುರುಬದುರು ಕೂತು ಮಾತಾಡುವ ದೃಶ್ಯದಲ್ಲಿ ಒಬ್ಬರೇ ಉಳಿಯುತ್ತಿದ್ದರು. ಕ್ರೈಟೀರಿಯನ್ ಮೇಲೂ ಕೆಳಗೂ ಕಪ್ಪು ಪಟ್ಟಿ ಬಿಟ್ಟು ಪೂರ್ಣ ಚೌಕಟ್ಟನ್ನು ತೋರಿಸುವುದನ್ನು ನಿಯಮ ಮಾಡಿಕೊಂಡಿತು. ‘ಪರದೆ ಅರ್ಧ ಖಾಲಿ’ ಎಂದು ಸಾಮಾನ್ಯ ಗ್ರಾಹಕರು ಗೊಣಗಿದರು. ಆ ಕಪ್ಪು ಪಟ್ಟಿಯ ಪರವಾಗಿ ವರ್ಷಗಟ್ಟಲೆ ವಾದಿಸಿದವರು ಸಂಗ್ರಹಕಾರರು; ಗೆದ್ದವರೂ ಅವರೇ.

ನಮ್ಮಲ್ಲಿ ಗ್ರಂಥ ಸಂಪಾದನೆಯ ಪರಂಪರೆ ಬಲ್ಲವರಿಗೆ ಈ ಶ್ರದ್ಧೆ ಹೊಸದೆನಿಸದು. ಹಲವು ಓಲೆಗರಿ ಪ್ರತಿಗಳನ್ನು ಎದುರಿಗಿಟ್ಟು ಪಾಠಾಂತರ ಗುರುತಿಸಿ ಕವಿಯ ಪಾಠಕ್ಕೆ ಹತ್ತಿರವಾಗುವ ವಿದ್ವಾಂಸರಂತೆಯೇ ಒಳ್ಳೆಯ ಡಿಸ್ಕಿನ ಹಿಂದೆಯೂ ಒಬ್ಬ ಸಂಪಾದಕರು ಇರುತ್ತಾರೆ. ಡ್ರೇಯರ್‌ ಅವರ ‘ದ ಪ್ಯಾಷನ್ ಆಫ್ ಜೋನ್ ಆಫ್ ಆರ್ಕ್’ (1928) ಮೂಲ ರೂಪದಲ್ಲಿ ಬೆಂಕಿಗೆ ಆಹುತಿಯಾಗಿತ್ತು. 1981ರಲ್ಲಿ ನಾರ್ವೆಯ ಒಂದು ಮಾನಸಿಕ ಆಸ್ಪತ್ರೆಯಲ್ಲಿ ಅದರ ಪ್ರಿಂಟು ಸಿಕ್ಕಿತು. 1999ರಲ್ಲಿ ಡಿವಿಡಿಯಾಗಿ ಯಾರು ಬೇಕಾದರೂ ಕೊಳ್ಳಬಹುದಾದ ವಸ್ತುವಾಯಿತು. ಫ್ರಿಟ್ಜ್ ಲಾಂಗ್ ಅವರ ‘ಮೆಟ್ರೊಪೊಲಿಸ್’ ಚಿತ್ರದ ಕಳೆದುಹೋಗಿದ್ದ ಸುಮಾರು 25 ನಿಮಿಷ 2008ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ದೊರೆತು, ಎರಡೇ ವರ್ಷದಲ್ಲಿ ಡಿಸ್ಕಿಗೆ ಬಂತು.

ಡಿವಿಡಿ 1996ರಲ್ಲಿ ಜಪಾನಿನಲ್ಲಿ, 1997ರಲ್ಲಿ ಅಮೆರಿಕದಲ್ಲಿ ಬಂದಾಗ ಸಂಗ್ರಹ ಮಧ್ಯಮ ವರ್ಗದ ಹವ್ಯಾಸವಾಯಿತು. ಜೊತೆಗೇ ಪ್ರದೇಶ ಸಂಕೇತದ ಕಾಟವೂ ಬಂತು: ಅಮೆರಿಕ 1, ಯುರೋಪು ಮತ್ತು ಜಪಾನು 2, ಭಾರತ 5. ಹೊರಗಿನಿಂದ ತರಿಸಿದ ಡಿಸ್ಕು ಓಡಲು ಎಲ್ಲ ಪ್ರದೇಶಗಳ ಡಿಸ್ಕನ್ನೂ ಒಪ್ಪುವ ಪ್ಲೇಯರ್ ಬೇಕಾಯಿತು. 2006ರ ಬ್ಲೂ-ರೇಯಲ್ಲೂ ಈ ಬೇಲಿ ಉಳಿಯಿತು. 2016ರ 4ಕೆ ಡಿಸ್ಕಿನಲ್ಲಿ ಕಡೆಗೂ ಕಿತ್ತುಹೋಯಿತು.

ಬ್ಲೂ-ರೇ ಕಾಲದ ನಿಜವಾದ ಸೊಗಸು ಸಣ್ಣ ಸಂಸ್ಥೆಗಳದ್ದು. ಬ್ರಿಟನ್ನಿನ ಸೆಕೆಂಡ್ ರನ್ ಪೂರ್ವ ಯುರೋಪಿನ ಚಿತ್ರಗಳನ್ನು ಹುಡುಕಿ ತಂದಿತು. ಅಮೆರಿಕದ ವಿನೆಗರ್ ಸಿಂಡ್ರೋಮ್, ಸೆವೆರಿನ್ ಸಂಸ್ಥೆಗಳು ಕಸವೆಂದು ಬಿಸಾಡಿದ್ದ ಚಿತ್ರಗಳ ನೆಗೆಟಿವ್ ಹುಡುಕಿ ಶುಚಿಗೊಳಿಸಿದವು. ಮೊಂಡೊ ಮಕಾಬ್ರೊ ನಮ್ಮ ರಾಮ್ಸೆ ಸಹೋದರರ ‘ಪುರಾನಾ ಮಂದಿರ್’, ‘ಬಂದ್ ದರ್ವಾಜಾ’ ಚಿತ್ರಗಳನ್ನು ಗೌರವದಿಂದ ಹೊರತಂದಿತು. ಜಗತ್ತಿನ ಅತಿ ಕೆಟ್ಟ ಚಿತ್ರಗಳಲ್ಲೊಂದೆಂದು ಹೆಸರಾದ ‘ಮಾನೋಸ್’ (1966) ಚಿತ್ರದ 16 ಎಂಎಂ ಪ್ರತಿಯನ್ನು 2011ರಲ್ಲಿ ಕೊಂಡ ಬೆನ್ ಸೊಲೊವಿ ಎಂಬ ಯುವಕ, ಅಭಿಮಾನಿಗಳಿಂದ ಹಣ ಕೂಡಿಸಿ ಅದನ್ನು ಸರಿಪಡಿಸಿದರು. ಇದು ವ್ಯರ್ಥ ಶ್ರಮವೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಯಾವುದು ಉಳಿಯಲು ಯೋಗ್ಯವೆಂದು ಆಯಾ ಕಾಲದವರು ತೀರ್ಮಾನಿಸಿದ್ದರಿಂದಲೇ ಮೂಕಿ ಯುಗದ ಬಹುಪಾಲು ಚಿತ್ರಗಳು ನಮಗೆ ಸಿಗದೆ ಹೋದವು.

ಸ್ಟ್ರೀಮಿಂಗ್ ಬಂದ ಮೇಲೆ ಪೇಟೆ ಕುಗ್ಗಿದೆ. ಜಪಾನಿನ ಫುನಾಯ್ 2016ರಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿತು. ಅಂಚೆಯಲ್ಲಿ ಡಿವಿಡಿ ಕಳಿಸುತ್ತಲೇ ಬೆಳೆದ ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರಿನಲ್ಲಿ ಆ ಸೇವೆಗೆ ಮುಕ್ತಾಯ ಹಾಡಿತು. ನ್ಯೂಯಾರ್ಕಿನ ಕಿಮ್ಸ್ ವಿಡಿಯೊ ಅಂಗಡಿಯ ಸುಮಾರು 55,000 ಟೇಪು–ಡಿಸ್ಕುಗಳು ಸಿಸಿಲಿಯ ಸಲೇಮಿ ಎಂಬ ಊರಿಗೆ ಹೋಗಿ, ಅಲ್ಲಿ ಮೂಲೆಗುಂಪಾಗಿ, 2022ರಲ್ಲಿ ನ್ಯೂಯಾರ್ಕಿಗೆ ಮರಳಿದವು. ಸಿಯಾಟಲ್‌ನ ಸ್ಕೇರ್‌ಕ್ರೋ ವಿಡಿಯೊ ಲಾಭರಹಿತ ಸಂಸ್ಥೆಯಾಗಿ ಬದುಕಿದೆ. ಹಕ್ಕಿನ ಒಪ್ಪಂದ ಮುಗಿದ ದಿನ ಸ್ಟ್ರೀಮಿಂಗ್ ಪಟ್ಟಿಯಿಂದ ಚಿತ್ರ ಹೇಳದೆ ಕೇಳದೆ ಮರೆಯಾಗುತ್ತದೆ. ಕಪಾಟಿನಲ್ಲಿರುವ ಡಿಸ್ಕಿಗೆ ಆ ಭಯವಿಲ್ಲ.

ನಮ್ಮ ಕಡೆ ಈ ಕಥೆ ಬೇರೆ ದಾರಿ ಹಿಡಿಯಿತು. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟೀವಿ ಬಂತು, ಹಿಂದೆಯೇ ವಿಸಿಆರ್. ಗಣೇಶನ ಹಬ್ಬಕ್ಕೋ ಮದುವೆ ಮನೆಗೋ ಟೀವಿ–ವಿಸಿಆರ್ ಬಾಡಿಗೆಗೆ ತಂದು ಬೆಳಗಿನವರೆಗೆ ಮೂರು ಚಿತ್ರ ನೋಡುವುದು, ವಿಡಿಯೊ ಕೋಚ್ ಬಸ್ಸಿನಲ್ಲಿ ರಾತ್ರಿ ಪ್ರಯಾಣ, ಬೀದಿಗೊಂದು ವಿಡಿಯೊ ಲೈಬ್ರರಿ: ಎಲ್ಲವೂ ಬಾಡಿಗೆಯದು. ಕೊಂಡು ಇಟ್ಟುಕೊಳ್ಳುವ ಅಭ್ಯಾಸ ಬೆಳೆಯಲೇ ಇಲ್ಲ. ಲೇಸರ್ ಡಿಸ್ಕ್ ಎಂಬ ಮೆಟ್ಟಿಲನ್ನು ಹತ್ತದೆ ನಾವು ನೇರವಾಗಿ ವಿಸಿಡಿಗೆ ಹಾರಿದೆವು. ವಿಸಿಡಿಯ ಒಂದು ಚೌಕಟ್ಟಿನಲ್ಲಿರುವ ಬಿಂದುಗಳು ಡಿವಿಡಿಯದರ ಕಾಲುಭಾಗ. ಒಂದು ಡಿಸ್ಕಿಗೆ 74 ನಿಮಿಷ. ಎರಡೂವರೆ ಗಂಟೆಯ ಕನ್ನಡ ಚಿತ್ರಕ್ಕೆ ಎರಡು ಮೂರು ಡಿಸ್ಕು. 2007ರಲ್ಲಿ ಮೋಸರ್ ಬೇಯರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಿದಾಗ ಮೊದಲ ಬಾರಿ ಸಾಮಾನ್ಯರ ಮನೆಗೂ ಸ್ವಂತ ಪ್ರತಿ ಬಂತು. ಬೆಲೆ ಇಳಿದದ್ದು ಒಳ್ಳೆಯದೇ. ಆದರೆ ಆ ಬೆಲೆಯಲ್ಲಿ ನೆಗೆಟಿವ್ ತೊಳೆಯುವ ಖರ್ಚು ಹುಟ್ಟುವುದಿಲ್ಲ.

ಬೆಂಗಳೂರಿನ ಸುಚಿತ್ರಾ, ಹೆಗ್ಗೋಡಿನ ನೀನಾಸಮ್ ಚಿತ್ರಸಮಾಜಗಳಲ್ಲಿ ಜಗತ್ತಿನ ಚಿತ್ರಗಳ ರುಚಿ ಹತ್ತಿದವರು ಅವನ್ನು ಮತ್ತೆ ನೋಡಲು ನ್ಯಾಷನಲ್ ಮಾರ್ಕೆಟ್ಟಿನ ನಕಲಿ ಡಿವಿಡಿಗಳನ್ನೇ ನೆಚ್ಚಬೇಕಾಯಿತು. ಕನ್ನಡದ್ದೇ ಕಲ್ಟ್ ಚಿತ್ರವಾದ ‘ಓಂ’ (1995) ಬೆಳೆದದ್ದು ಥಿಯೇಟರಿನ ಮರುಬಿಡುಗಡೆಗಳಿಂದ. 2015ರವರೆಗೆ ಅದು ಟೀವಿಯಲ್ಲೂ ಬರಲಿಲ್ಲ. ಹಳೆಯ ಚಿತ್ರಗಳ ಮೇಲೆ ಹಣ ಹೂಡಿದವರು ಬಹುಮಟ್ಟಿಗೆ ಬಣ್ಣ ಬಳಿಯಲು ಹೂಡಿದರು: 2008ರಲ್ಲಿ ‘ಸತ್ಯ ಹರಿಶ್ಚಂದ್ರ’, 2014ರಲ್ಲಿ ‘ಕಸ್ತೂರಿ ನಿವಾಸ’. ಜನರನ್ನು ಮತ್ತೆ ಥಿಯೇಟರಿಗೆ ಕರೆತಂದ ಆ ಸಾಹಸಕ್ಕೆ ನನ್ನ ಮೆಚ್ಚುಗೆಯಿದೆ. ಆದರೆ ಕಪ್ಪು–ಬಿಳುಪಿಗೆಂದೇ ಜೋಡಿಸಿದ ಬೆಳಕು ಅಲ್ಲಿ ಉಳಿಯುವುದಿಲ್ಲ. ಮೂಲ ರೂಪವನ್ನೂ ಅಷ್ಟೇ ಅಕ್ಕರೆಯಿಂದ ಶುಚಿಗೊಳಿಸಿ ಪಕ್ಕದಲ್ಲಿಡಬೇಕು.

ಹಾಗೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯವಿದೆ. 1993ರಲ್ಲಿ ಲಂಡನ್ನಿನ ಹೆಂಡರ್ಸನ್ಸ್ ಲ್ಯಾಬಿನ ಬೆಂಕಿಯಲ್ಲಿ ಅದರ ನೆಗೆಟಿವ್‌ಗಳು ಬೆಂದುಹೋದವು. ಅಮೆರಿಕದ ಚಲನಚಿತ್ರ ಅಕಾಡೆಮಿ ಆ ಕರಕಲನ್ನು ಎಸೆಯದೆ ಇಟ್ಟುಕೊಂಡಿತು. ಎರಡು ದಶಕಗಳ ಮೇಲೆ ಇಟಲಿಯ ಬೊಲೊನ್ಯಾದ ತಂತ್ರಜ್ಞರು ಸೆಟೆದ ಫಿಲ್ಮಿಗೆ ಮತ್ತೆ ತೇವ ಕೊಟ್ಟು, ಹರಿದ ಅಂಚುಗಳನ್ನು ಕೈಯಿಂದಲೇ ಕಟ್ಟಿದರು. ‘ಪಥೇರ್ ಪಾಂಚಾಲಿ’ಯ ಸುಮಾರು ಶೇ 40 ಭಾಗ, ‘ಅಪರಾಜಿತೊ’ದ ಶೇ 60ಕ್ಕೂ ಹೆಚ್ಚು ಭಾಗ ಮೂಲ ನೆಗೆಟಿವ್‌ನಿಂದಲೇ ಸಿಕ್ಕಿತು. 2015ರಲ್ಲಿ ಬ್ಲೂ-ರೇ ಪೆಟ್ಟಿಗೆ ಬಂತು. ಉದಯಶಂಕರ್ ಅವರ ‘ಕಲ್ಪನಾ’, ಋತ್ವಿಕ್ ಘಟಕ್ ಅವರ ‘ತಿತಾಶ್ ಏಕ್ಟಿ ನದಿರ್ ನಾಮ್’ ಚಿತ್ರಗಳೂ ಸ್ಕಾರ್ಸೆಸಿ ಅವರ ವರ್ಲ್ಡ್ ಸಿನೆಮಾ ಪ್ರಾಜೆಕ್ಟಿನಿಂದ ಡಿಸ್ಕಿಗೆ ಏರಿವೆ.

ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಅದೇ ಯೋಜನೆಯಲ್ಲಿ, ಫಿಲ್ಮ್ ಹೆರಿಟೇಜ್ ಫೌಂಡೇಶನ್ ಜೊತೆಗೂಡಿ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಮುಂದಿನ ಸಾಲಿನಲ್ಲಿ ನಿಲ್ಲಬೇಕಾದವು ‘ಸಂಸ್ಕಾರ’, ‘ವಂಶವೃಕ್ಷ’, ‘ಕಾಡು’, ‘ಚೋಮನ ದುಡಿ’. ‘ಬಂಗಾರದ ಮನುಷ್ಯ’ಕ್ಕೂ ‘ನಾಗರಹಾವು’ ಚಿತ್ರಕ್ಕೂ ಅದೇ ಸಾಲಿನಲ್ಲಿ ಜಾಗವಿದೆ. ಅವು ಮೂಲ ಚೌಕಟ್ಟಿನಲ್ಲಿ, ಶುದ್ಧ ಧ್ವನಿಯಲ್ಲಿ, ಬಲ್ಲವರ ಟಿಪ್ಪಣಿಯೊಡನೆ ಡಿಸ್ಕಾಗಿ ಬಂದರೆ 28 ರೂಪಾಯಿಗಿಂತ ಎಷ್ಟೋ ಪಟ್ಟು ಹೆಚ್ಚು ಕೊಟ್ಟು ಕೊಳ್ಳುವವರು ಬೆಂಗಳೂರಿನಲ್ಲೂ ಇದ್ದಾರೆ, ಹೊರದೇಶಗಳ ಕನ್ನಡಿಗರಲ್ಲೂ ಇದ್ದಾರೆ.