ಬಾಕಿ ಇಲ್ಲ, ಹೊರಡಬಹುದು

12ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಿಲ್ಲೆಯ ಕಂದಾಯ ಎತ್ತುವ ಶೆರಿಫ್ ವರ್ಷಕ್ಕೆರಡು ಸಲ, ಈಸ್ಟರ್‌ಗೊಮ್ಮೆ ಮೈಕಲ್‌ಮಸ್‌ಗೊಮ್ಮೆ, ರಾಜನ ಖಜಾನೆಗೆ ಹೋಗಿ ನಿಲ್ಲಬೇಕಿತ್ತು. 10 ಅಡಿ ಉದ್ದ, 5 ಅಡಿ ಅಗಲದ ಮೇಜು. ಮೇಲೆ ಚೌಕಗಳ ಗೆರೆ ಬಿದ್ದ ಕಪ್ಪು ಬಟ್ಟೆ. ಚೌಕದಿಂದ ಚೌಕಕ್ಕೆ ಬಿಲ್ಲೆ ಸರಿಸುತ್ತ ಲೆಕ್ಕ ನಡೆಯುತ್ತಿತ್ತು. ಎಕ್ಸ್‌ಚೆಕರ್ ಎಂದು ಖಜಾನೆಗೆ ಹೆಸರು ಬಂದದ್ದೇ ಆ ಚೌಕಳಿಯಿಂದ. ದುಡ್ಡು ಕಟ್ಟಿದ್ದಕ್ಕೆ ರಸೀದಿಯೆಂದರೆ ಕಚ್ಚು ಹಾಕಿದ ಮರದ ಕಡ್ಡಿ: 1000 ಪೌಂಡಿಗೆ ಅಂಗೈ ದಪ್ಪದ ಕಚ್ಚು, 100ಕ್ಕೆ ಹೆಬ್ಬೆರಳಿನಷ್ಟು, 20ಕ್ಕೆ ಕಿರುಬೆರಳಿನಷ್ಟು, ಒಂದು ಪೌಂಡಿಗೆ ಬಲಿತ ಬಾರ್ಲಿ ಕಾಳಿನಷ್ಟು. ಆಮೇಲೆ ಕಡ್ಡಿಯನ್ನು ಉದ್ದಕ್ಕೆ ಸೀಳಿ, ಒಂದು ಹೋಳು ಕಟ್ಟಿದವನಿಗೆ, ಇನ್ನೊಂದು ಖಜಾನೆಗೆ. ಖಜಾನೆಯಲ್ಲೇ ಅಧಿಕಾರಿಯಾಗಿದ್ದ ರಿಚರ್ಡ್ ಫಿಟ್ಜ್‌ನೀಲ್ ಇದನ್ನೆಲ್ಲ ಬರೆದಿಟ್ಟಿದ್ದಾನೆ. (ಕೆಲಸಕ್ಕೆ ಬಾರದಾದ ಆ ಕಡ್ಡಿಗಳ ರಾಶಿಯನ್ನು 1834ರಲ್ಲಿ ಸುಡಲು ಹೋಗಿ ಪಾರ್ಲಿಮೆಂಟ್ ಕಟ್ಟಡವನ್ನೇ ಸುಟ್ಟುಕೊಂಡರು.)

ಎರಡೂ ಹೋಳು ತಾಳೆಯಾಗಿ, ಮೊತ್ತ ಸರಿಬಂದರೆ, ಗುಮಾಸ್ತ ಕುರಿಚರ್ಮದ ಸುರುಳಿಯಲ್ಲಿ ಲ್ಯಾಟಿನ್ನಿನ ಮೂರು ಪದ ಗೀಚುತ್ತಿದ್ದ: ಎತ್ ಕ್ವಿಯೇಟುಸ್ ಎಸ್ತ್. ಇವನಿಗೆ ಬಿಡುಗಡೆಯಾಗಿದೆ. ನಮ್ಮ ಸಹಕಾರ ಸಂಘಗಳು ಕೊಡುವ ಬೇಬಾಕಿ ಪತ್ರ ಇದ್ದ ಹಾಗೆ. ಶೆರಿಫ್ ಉಸಿರು ಬಿಟ್ಟು ಕುದುರೆ ಹತ್ತಿ ಊರ ದಾರಿ ಹಿಡಿಯಬಹುದಿತ್ತು.

ಬದುಕಿರುವವನನ್ನು ಮನೆಗೆ ಕಳಿಸುತ್ತಿದ್ದ ಈ ಪದ, ಕ್ವಾಯಿಟಸ್, ಇಂದಿನ ಇಂಗ್ಲಿಷಿನಲ್ಲಿ ಸಾವಿಗೆ ಇನ್ನೊಂದು ಹೆಸರು. ಪದವನ್ನು ಮಸಣಕ್ಕೆ ಮುಟ್ಟಿಸಿದವರಲ್ಲಿ ಎದ್ದು ಕಾಣುವ ಹೆಸರು ಶೇಕ್ಸ್‌ಪಿಯರನದು. 1600ರ ಆಸುಪಾಸಿನ ಹ್ಯಾಮ್ಲೆಟ್, ಇರಲೋ ಬೇಡವೋ ಎಂದು ತೊಳಲುವ ತನ್ನ ಸ್ವಗತದಲ್ಲಿ, ಒಂದು ಸಣ್ಣ ಚೂರಿಯಿಂದ ಮನುಷ್ಯ ತನ್ನ ಕ್ವಾಯಿಟಸ್ ತಾನೇ ಪಡೆಯಬಹುದಲ್ಲ ಎನ್ನುತ್ತಾನೆ. ಅದಕ್ಕೆ ಸ್ವಲ್ಪ ಮೊದಲು ಅವನು ಪಟ್ಟಿ ಮಾಡುವ ಕಷ್ಟಗಳಲ್ಲಿ ನ್ಯಾಯದಾನದ ವಿಳಂಬವಿದೆ, ಅಧಿಕಾರದಲ್ಲಿರುವವರ ದರ್ಪವಿದೆ. ಕಚೇರಿಗಳಿಂದ ಬೇಸತ್ತವನ ಬಾಯಲ್ಲಿ ಕಚೇರಿಯ ಮಾತೇ ಬಂದಿದೆ. ಇದನ್ನು ಶಾಂತಿ, ಮೌನ ಎಂದಷ್ಟೇ ಓದಿಕೊಂಡರೆ ಮಾತಿನ ಹಲ್ಲು ಕಿತ್ತ ಹಾಗಾಗುತ್ತದೆ. ಅವನಿಗೆ ಬೇಕಾದ್ದು ಶಾಂತಿಗಿಂತ ಹೆಚ್ಚಾಗಿ ಲೆಕ್ಕ ಚುಕ್ತಾ.

ಶೇಕ್ಸ್‌ಪಿಯರನ 126ನೆಯ ಸಾನೆಟ್ಟಿನಲ್ಲಿ ಈ ಲೆಕ್ಕ ಇನ್ನೂ ನಿಚ್ಚಳ. ಪ್ರಕೃತಿ ತಾನೂ ಒಂದು ದಿನ ಆಡಿಟ್ಟಿಗೆ ಕೂರಬೇಕು. ಮುದ್ದಿನ ಚೆಲುವನನ್ನು ಒಪ್ಪಿಸಿದ ಮೇಲೆಯೇ ಅವಳಿಗೆ ಬಿಡುಗಡೆ. ಉಳಿದವು ಹೆಚ್ಚುಕಮ್ಮಿ ಎಲ್ಲವೂ 14 ಸಾಲಾದರೆ ಇದು 12ಕ್ಕೇ ಮುಗಿಯುತ್ತದೆ. 1609ರ ಮೊದಲ ಮುದ್ರಣದಲ್ಲಿ ಕೊನೆಯ ಎರಡು ಸಾಲುಗಳ ಜಾಗದಲ್ಲಿ ಬರೀ ಖಾಲಿ ಕಂಸಗಳಿವೆ.

ನನ್ನ ಮಟ್ಟಿಗೆ ಈ ಪದವನ್ನು ಅತ್ಯಂತ ಚೆನ್ನಾಗಿ ದುಡಿಸಿಕೊಂಡವನು ಶೇಕ್ಸ್‌ಪಿಯರ್ ಅಲ್ಲ, ಜಾನ್ ವೆಬ್‌ಸ್ಟರ್. 1623ರಲ್ಲಿ ಅಚ್ಚಾದ ಅವನ 'ದಿ ಡಚೆಸ್ ಆಫ್ ಮಾಲ್ಫಿ' ನಾಟಕದಲ್ಲಿ ಡಚೆಸ್ ಎಳೆ ವಯಸ್ಸಿನ ವಿಧವೆ. ಮರುಮದುವೆಯ ಮಾತೆತ್ತಬೇಡ ಎಂದು ಅಣ್ಣತಮ್ಮಂದಿರ ತಾಕೀತು. ಅವಳ ಮನಸ್ಸಿರುವುದು ಲೆಕ್ಕಪತ್ರ ನೋಡಿಕೊಳ್ಳುವ ಮನೆಯ ಪಾರುಪತ್ಯಗಾರ ಆಂಟೋನಿಯೋ ಮೇಲೆ. ಲೆಕ್ಕ ನೋಡುವ ನೆಪದಲ್ಲಿ ಅವನನ್ನು ಕರೆಸುತ್ತಾಳೆ, ಮನಸ್ಸು ಬಿಚ್ಚುತ್ತಾಳೆ. ನೀನು ಸಾಲಗಾರನಾಗಿ ನನ್ನ ಹತ್ತಿರ ಬರುವುದು ಬೇಡ ಎಂದು ಅವನ ತುಟಿಯ ಮೇಲೆ ಮುತ್ತಿಟ್ಟು, ಅದೇ ನಿನ್ನ ಕ್ವಾಯಿಟಸ್‌ಗೆ ನನ್ನ ರುಜು ಎನ್ನುತ್ತಾಳೆ. ಗುಮಾಸ್ತನ ಒಣ ಷರಾ ಇಲ್ಲಿ ಒಲವಿನ ಮಾತಾಗಿದೆ. ಆದರೆ ನೋಡುತ್ತ ಕೂತ ಲಂಡನ್ನಿನ ಪ್ರೇಕ್ಷಕನಿಗೆ ಅದರ ಇನ್ನೊಂದು ಅರ್ಥವೂ ಗೊತ್ತು. ನಾಲ್ಕನೆಯ ಅಂಕದಲ್ಲಿ ಅವಳ ಕೊರಳಿಗೆ ಉರುಳು ಬೀಳುತ್ತದೆ. ಐದರಲ್ಲಿ ಆಂಟೋನಿಯೋ ಸಾಯುತ್ತಾನೆ.

ಸಾವು ಮತ್ತು ಸಾಲ ಒಂದೇ ಮಾತಿನಲ್ಲಿ ಕೂಡುವುದು ನಮಗೆ ಹೊಸದಲ್ಲ. ಸಾಲ ತೀರಿಸುತ್ತೇವೆ, ಹಿರಿಯರು ತೀರಿಕೊಳ್ಳುತ್ತಾರೆ. ಸತ್ತವರ ಬಗ್ಗೆ ಈ ಮಣ್ಣಿನ ಋಣ ಇಷ್ಟೇ ಇತ್ತು ಎಂದುಬಿಡುತ್ತೇವೆ. ಇಂಗ್ಲಿಷಿನ ಕಿವಿಗೆ ಮಾತ್ರ ಕಾಲಾಂತರದಲ್ಲಿ ಖಾತೆ ಪುಸ್ತಕ ಕೇಳಿಸದಾಯಿತು. ದಾಯಾದಿ ಪದ ಕ್ವಾಯೆಟ್ ಪಕ್ಕದಲ್ಲೇ ಇದ್ದದ್ದರಿಂದ ನಿಶ್ಶಬ್ದವಷ್ಟೇ ಉಳಿಯಿತು. ಗಾಳಿಸುದ್ದಿಯ ಬಾಯಿ ಮುಚ್ಚಿಸುವುದಕ್ಕೂ ಪದ ಬಳಕೆಗೆ ಬಂತು. ಪಿ. ಡಿ. ಜೇಮ್ಸ್ 1992ರ 'ದಿ ಚಿಲ್ಡ್ರನ್ ಆಫ್ ಮೆನ್' ಕಾದಂಬರಿಯಲ್ಲಿ ಅದನ್ನು ಸರ್ಕಾರಕ್ಕೇ ಹಿಂದಿರುಗಿಸಿದರು. ಮಕ್ಕಳೇ ಹುಟ್ಟದ ಆ ಕಾಲದಲ್ಲಿ ವೃದ್ಧರನ್ನು ದೋಣಿಗೆ ಹತ್ತಿಸಿ ಕಡಲಲ್ಲಿ ಮುಳುಗಿಸುವ ಸಮಾರಂಭದ ಹೆಸರೇ ಕ್ವಾಯಿಟಸ್. ಹೆಸರಿಗೆ ಅದು ಸ್ವ‌ಇಚ್ಛೆಯದು.

ಇದೇ ಮೂಲದ ಕ್ವಿಟ್ ಬೇರೆ ದಾರಿ ಹಿಡಿಯಿತು. ಮೊದಲು ಋಣಮುಕ್ತ ಎಂದಿದ್ದದ್ದು ಬರಬರುತ್ತ ಬಿಟ್ಟು ಹೋಗು ಎಂದಾಯಿತು. ಹಳೆಯ ಅರ್ಥ ಕ್ವಿಟ್ ರೆಂಟ್ ಎಂಬಲ್ಲಿ ಉಳಿದಿತ್ತು: ಅಲ್ಪಸ್ವಲ್ಪ ಕಟ್ಟಿದರೆ ಉಳಿದ ಹೊಣೆಯಿಂದ ಮಾಫಿ. ಮೈಸೂರು ಸಂಸ್ಥಾನದ ಇನಾಂ ಹಳ್ಳಿಗಳ ಜೋಡಿ ಎಂಬ ಹಗುರ ಕಂದಾಯವನ್ನು ಬ್ರಿಟಿಷರು ತಮ್ಮ ದಫ್ತರಗಳಲ್ಲಿ ಕ್ವಿಟ್ ರೆಂಟ್ ಎಂದೇ ಬರೆದುಕೊಂಡರು. 1954ರ ಇನಾಂ ರದ್ದತಿ ಕಾಯ್ದೆ ಜೋಡಿದಾರರನ್ನು ಮನೆಗೆ ಕಳಿಸಿದರೂ ಕೆಲವು ಊರುಗಳ ಹೆಸರಿನಲ್ಲಿ ಜೋಡಿ ಇನ್ನೂ ಕೂತಿದೆ.

1942ರ ಆಗಸ್ಟಿನಲ್ಲಿ ಗಾಂಧೀಜಿ ಕ್ವಿಟ್ ಇಂಡಿಯಾ ಅಂದಾಗ ಕನ್ನಡದಲ್ಲಿ ಅದು ಭಾರತ ಬಿಟ್ಟು ತೊಲಗಿ ಎಂದಾಯಿತು. ಹಳೆಯ ಅರ್ಥದಲ್ಲಿ ನೋಡಿದರೆ ಬ್ರಿಟಿಷರು ಕ್ವಿಟ್ ಆಗಿ ಹೋಗಲೇ ಇಲ್ಲ. ಎರಡನೆಯ ಮಹಾಯುದ್ಧಕ್ಕೆ ಇಲ್ಲಿಂದ ಎತ್ತಿದ ಸರಕು, ಸೇವೆಗಳ ಬಾಬ್ತು ಲಂಡನ್ನಿನ ಖಾತೆಯಲ್ಲಿ ಸ್ಟರ್ಲಿಂಗ್ ಬಾಕಿಯಾಗಿ ಬೆಳೆದು, 1947ರ ಹೊತ್ತಿಗೆ 100 ಕೋಟಿ ಪೌಂಡ್ ದಾಟಿತ್ತು. ಒಟ್ಟಿಗೆ ಕೊಡಲು ಆಗುವುದಿಲ್ಲ ಎಂದರು. ಹಣ ಒಪ್ಪಂದದ ಮೇಲೆ ಒಪ್ಪಂದವಾಗಿ ಸ್ವಲ್ಪಸ್ವಲ್ಪವೇ ಬಿಡುಗಡೆಯಾಯಿತು. ಅದರಲ್ಲಿ ಒಂದು ಪಾಲು ಎರಡನೆಯ ಪಂಚವಾರ್ಷಿಕ ಯೋಜನೆಯ ಆಮದಿಗೆ ಕರಗಿತು.